ಒರಿಜಿನಲ್ ಪೇಂಟಿಂಗ್ ಫೋಟೋ ಹಾಕೋರ ಗಮನಕ್ಕೆ
ಎಲ್ರಿಗೂ ನಮಸ್ಕಾರ. ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟದ 1993ರ ಕಾರ್ಡ್‌ಗಳ ಚಿತ್ರ, ಇಲ್ಲಾ ಅವುಗಳ ಮೂಲ ಪೇಂಟಿಂಗ್ ಫೋಟೋ ಹಾಕುವಾಗ ದಯವಿಟ್ಟು ಕಲಾವಿದರ ಹೆಸರು ಬರೀರಿ, ಅದು ಕಾರ್ಡ್ ಮೇಲೇ ಇರತ್ತೆ, ಕೆಳಗೆ ಸಣ್ಣಕ್ಷರದಲ್ಲಿ. ಬ್ಲ್ಯಾಕ್ ಲೋಟಸ್ ಅನ್ನೋ ದುಬಾರಿ ಕಾರ್ಡಿನ ರೇಟು ಎಲ್ರಿಗೂ ಗೊತ್ತು, ಅದರ ಚಿತ್ರ ಬರೆದ ಕ್ರಿಸ್ಟೋಫರ್ ರಶ್ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ? 2016ರಲ್ಲಿ ತೀರ್ಕೊಂಡ್ರು ಅವ್ರು.

ಆ ಆಟದ ಆಗಿನ ಆರ್ಟ್ ಡೈರೆಕ್ಟರ್ ಜೆಸ್ಪರ್ ಮಿರ್ಫೋರ್ಸ್ ಸಿಯಾಟಲ್‌ನ ಕಾರ್ನಿಶ್ ಕಲಾ ಕಾಲೇಜಲ್ಲಿ ಓದಿದವ್ರು, ಹೆಚ್ಚಾಗಿ ತಮ್ಮ ಪರಿಚಯದ ಹುಡುಗ್ರು ಹುಡುಗೀರನ್ನೇ ಸೇರಿಸ್ಕೊಂಡು ಕಮ್ಮಿ ದುಡ್ಡಲ್ಲಿ ಮಾಡ್ಸಿದ್ದು, ಅದಕ್ಕೇ ಆ ಚಿತ್ರಗಳು ಒಂದೊಂದೂ ಒಂದೊಂಥರ, ನಂಗಂತೂ ಈಗಿನ ನುಣುಪು ಚಿತ್ರಗಳಿಗಿಂತ ಅವೇ ಇಷ್ಟ. ಮಾರ್ಕ್ ಪೂಲ್ ಅವರ ಬರ್ಡ್ಸ್ ಆಫ್ ಪ್ಯಾರಡೈಸ್ ಕಾರ್ಡ್ ನೋಡಿ, ಅದು ಟ್ರಾಪಿಕಲ್ ಐಲ್ಯಾಂಡ್ ಅನ್ನೋ ದ್ವೀಪದ ಕಾರ್ಡಿಗೆ ಅಂತ ಬರೆದ ಚಿತ್ರ, ಹಕ್ಕೀನೇ ಎದ್ದು ಕಾಣ್ತಿದ್ದಿದ್ರಿಂದ ಅದಕ್ಕೇ ಬೇರೆ ಕಾರ್ಡ್ ಮಾಡಿದ್ರು!

ಇನ್ನೊಂದು, ಆರ್ಟಿಸ್ಟ್ ಪ್ರೂಫ್ ಅಂದ್ರೆ ಹಿಂದುಗಡೆ ಖಾಲಿ ಬಿಳಿ ಇರೋ ಕಾರ್ಡು, ಕಲಾವಿದರಿಗೆ ಅಂತ ಕೊಡೋದು, ಆ ಬಿಳಿ ಜಾಗದಲ್ಲಿ ಅವ್ರು ಕೈಯಾರೆ ಸ್ಕೆಚ್ ಮಾಡಿ ಕೊಡ್ತಾರೆ. ಅದು ಮೂಲ ಪೇಂಟಿಂಗ್ ಅಲ್ಲ, ಪೇಂಟಿಂಗನ್ನ ಅಚ್ಚು ಹಾಕಿದ ಪ್ರಿಂಟೂ ಅಲ್ಲ. ಮೂರರಲ್ಲಿ ಯಾವ್ದು ಅಂತ ಫೋಟೋ ಜೊತೇಲೇ ಹಾಕಿ, ಮೂಲ ಪೇಂಟಿಂಗ್ ಆದ್ರೆ ಅಳತೆನೂ ಬರೀರಿ.