ನಡುವೆ ನುಸುಳಿದ ಬೂದು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವೆಬ್ ಪುಟ ನೋಡಿದೆ. ಸಂಜೆ ಸಮುದ್ರದ ಫೋಟೋ ಸೊಗಸಾಗಿದೆ. ಅದರಿಂದ ತೆಗೆದ ಗ್ರೇಡಿಯಂಟ್, ಅಂದರೆ ಒಂದು ಬಣ್ಣ ಮೆಲ್ಲಗೆ ಇನ್ನೊಂದಕ್ಕೆ ತಿರುಗುವ ಹಿನ್ನೆಲೆ, ಮಾತ್ರ ಯಾಕೋ ಮಂಕು. "ಟೂಲ್ ಕೊಟ್ಟಿದ್ದೇ ಹೀಗೆ ಮಾವ" ಅಂತ ಬರೆದಿದ್ದೀಯ. ಫೋಟೋದಿಂದ ಬಣ್ಣ ಆರಿಸಿಕೊಡುವ ಆ ಟೂಲ್ ತಪ್ಪೇನೂ ಮಾಡಿಲ್ಲ ಕಣೇ. ಅದು ಎಣಿಸುತ್ತದೆ ಅಷ್ಟೇ, ನೋಡುವುದಿಲ್ಲ.

ಫೋಟೋವನ್ನು ಚಿಕ್ಕದು ಮಾಡಿ, ಒಂದೊಂದು ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಅಂಕಿ ಓದಿ, ಹತ್ತಿರದ ಬಣ್ಣಗಳನ್ನು ಗುಂಪು ಕಟ್ಟುತ್ತದೆ. ದೊಡ್ಡ ಗುಂಪಿಗೆ ಮೊದಲ ಮಣೆ. ನಿನ್ನ ಫೋಟೋದಲ್ಲಿ ಮುಕ್ಕಾಲು ಪಾಲು ಮಬ್ಬು ನೀರು, ಸೂರ್ಯನ ಹತ್ತಿರದ ಕಿತ್ತಳೆ ಒಂದು ಚೂರು. ಆದರೆ ಕಣ್ಣು ಹೋಗುವುದು ಆ ಚೂರಿಗೇ ಅಲ್ವಾ? ಅದಕ್ಕೇ ಐದು ಬಣ್ಣ ಕೇಳಬೇಡ, ಹನ್ನೆರಡು ಕೇಳು. ಮೂರನ್ನು ನೀನೇ ಆರಿಸು. ಫೋಟೋದಲ್ಲಿ ಮೇಲಿರುವುದು ಇಲ್ಲೂ ಮೇಲೇ ಇರಲಿ. ವೆಬ್ ಪುಟದ ರೂಪ ಹೇಳುವ ಭಾಷೆ ಸಿಎಸ್‌ಎಸ್‌ನ ಲೀನಿಯರ್ (ನೇರ ಗೆರೆಯ) ಗ್ರೇಡಿಯಂಟ್‌ಗೆ ದಿಕ್ಕು ಹೇಳದಿದ್ದರೆ ಹೇಗೂ ಮೇಲಿಂದ ಕೆಳಕ್ಕೇ ಹರಿಯುತ್ತದೆ.

ಮಂಕಿಗೆ ಇನ್ನೊಂದು ಕಾರಣವೂ ಇದೆ. ಕೆಂಪು, ಹಸಿರು, ನೀಲಿಯ ಅಂಕಿ ಒಂದೊಂದೂ 0ರಿಂದ 255ರವರೆಗೆ. ಅಪ್ಪಟ ನೀಲಿ ಅಂದರೆ 0, 0, 255. ಅಪ್ಪಟ ಹಳದಿ 255, 255, 0. ಎರಡರ ನಟ್ಟನಡುವೆ ಸರಾಸರಿ ಹಾಕು: 128, 128, 128. ಶುದ್ಧ ಬೂದು! ಇದು ಗೊತ್ತಿಲ್ಲದೆ ನಾನೊಮ್ಮೆ ಮಾನಿಟರ್ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಸುಮ್ನೆ ಅದರ ಸೆಟ್ಟಿಂಗ್ ತಿರುವುತ್ತಾ ಕೂತಿದ್ದೆ. ನೀಲಿ, ಕಿತ್ತಳೆಯ ಜೋಡಿಯದೂ ಹೆಚ್ಚುಕಡಿಮೆ ಇದೇ ಕಥೆ. ಬೆರೆಸುವ ಲೆಕ್ಕವನ್ನೇ ಓಕೆಎಲ್‌ಸಿಎಚ್‌ಗೆ (ಬಣ್ಣವನ್ನು ಬೆಳಕು, ಗಾಢತೆ, ವರ್ಣ ಅಂತ ಅಳೆಯುವ ಪದ್ಧತಿ) ಬದಲಾಯಿಸಿದರೆ ಬೂದು ತಪ್ಪುತ್ತದೆ, ನಿಜ. ಆದರೆ ಅದು ನೀಲಿಯಿಂದ ಹಳದಿಗೆ ಹಸಿರಿನ ದಾರಿ ಹಿಡಿದು ಹೋಗುತ್ತದೆ. ಸಂಜೆ ಆಕಾಶಕ್ಕೆ ಹಸಿರು ಯಾಕೆ? ನನ್ನನ್ನು ಕೇಳಿದರೆ, ಮೋಡದ ಅಂಚಿನಲ್ಲಿ ಒಂದು ಗುಲಾಬಿ ಇದೆಯಲ್ಲ, ಅದನ್ನೇ ಎತ್ತಿ ನಡುವೆ ಇಡು.

ಆಮೇಲೆ ಆ ಬಿಳಿ ಅಕ್ಷರ. ನೀಲಿಯ ಮೇಲೆ ಚೆನ್ನಾಗಿ ಕಾಣುತ್ತದೆ, ಕಿತ್ತಳೆಗೆ ಇಳಿಯುತ್ತಿದ್ದಂತೆ ಕರಗಿಹೋಗುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ, ಕನಿಷ್ಠ 4.5ಕ್ಕೆ 1 ಬೇಕು. ಅಕ್ಷರದ ಹಿಂದೆ ಎಲ್ಲಿ ಅತಿ ತಿಳಿ ಬಣ್ಣ ಬರುತ್ತದೋ ಅಲ್ಲೇ ಅಳೆದು ನೋಡು. ಮೊಬೈಲ್‌ನಲ್ಲೂ ನೋಡು, ಅಲ್ಲಿ ಸಾಲುಗಳು ಇನ್ನೂ ಕೆಳಗೆ ಇಳಿದಿರುತ್ತವೆ.

ಸರಿ ಮಾಡಿ ಮತ್ತೆ ಕಳಿಸು. ಈ ಸಲ ಫೋಟೋ ಬೇಡ, ಬರೀ ಗ್ರೇಡಿಯಂಟ್ ಸಾಕು. ಯಾವ ಹೊತ್ತಿನದು ಅಂತ ನಿನ್ನ ಅತ್ತೆಗೆ ತೋರಿಸಿ ಕೇಳುತ್ತೇನೆ.

ನಿನ್ನ ಮಾವ