ಫೋಟೋದ ಮೂಲೆಯಲ್ಲಿ ಓದುವವರೇ ಇರಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮನೆಯೊಳಗಿನ ಓದುವ ಮೂಲೆಯ ಬಗ್ಗೆ ಬಂದ ಪುಟ ನೋಡಿದೆ. ‘ನೋಡಿದೆ’ ಅಂತ ಬೇಕೆಂದೇ ಬರೆಯುತ್ತಿದ್ದೇನೆ. ಓದೋಕೆ ಅಲ್ಲಿದ್ದದ್ದು ಹತ್ತೋ ಹನ್ನೆರಡೋ ಸಾಲು, ಮಿಕ್ಕಿದ್ದೆಲ್ಲ ಫೋಟೋ. ಬಿಳಿ ಕುರ್ಚಿ, ಬಿಳಿ ದಿಂಬು, ಕುಂಡದಲ್ಲಿ ಅಗಲ ಎಲೆಯ ಗಿಡ, ಗಿಡದ ಹಿಂದೆ ಒಂದು ದೀಪ. ದೀಪದ ಬೆಳಕೆಲ್ಲ ಗಿಡದ ಮೇಲೆ. ಕುರ್ಚಿ ಕತ್ತಲಲ್ಲಿ. ಕಪಾಟಿನ ಒಂದು ಸಾಲಿನಲ್ಲಿ ಪುಸ್ತಕಗಳ ಬೆನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದರು, ಎಲ್ಲ ಒಂದೇ ಬಣ್ಣ ಕಾಣಲಿ ಅಂತ ಇರಬೇಕು. ಹೆಸರೇ ಕಾಣದ ಪುಸ್ತಕ ಹುಡುಕೋದು ಹೇಗೆ ಸ್ವಾಮಿ? ಕಾಗದದ ಮೇಲೆ ವಿಳಾಸ ಬರೆದು ಲಕೋಟೆಯೊಳಗೆ ಹಾಕಿ ಅಂಟಿಸಿದ ಹಾಗಾಯಿತು.

ಈ ಮಾತು ನನ್ನ ಬಾಯಲ್ಲಿ ಬರೋದಕ್ಕೆ ಕಾರಣ ಇದೆ. 34 ವರ್ಷ ನಾನು ಆರ್‌ಎಂಎಸ್‌ನಲ್ಲಿ, ಅಂದರೆ ಅಂಚೆ ಇಲಾಖೆಯ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ, ಕಾಗದ ವಿಂಗಡಿಸಿದವಳು. ಮೆಜೆಸ್ಟಿಕ್ ಹತ್ತಿರ, ರಾತ್ರಿ ಪಾಳಿಯಲ್ಲಿ, ಎದುರಿಗೆ ಪಾರಿವಾಳದ ಗೂಡಿನಂಥ ಮರದ ಖಾನೆಗಳು, ತಲೆಗಿಂತ ತುಸು ಮೇಲೆ ಟ್ಯೂಬ್‌ಲೈಟು. ಪಿನ್‌ಕೋಡು ಬಂದದ್ದು 1972ರಲ್ಲಿ, ನಾನು ಕೆಲಸಕ್ಕೆ ಸೇರೋ ಹೊತ್ತಿಗೆ ಅದು ಹಳೇ ಮಾತು. ಆದರೂ ಅರ್ಧ ಜನ ಬರೀತಾನೇ ಇರಲಿಲ್ಲ, ಬರೆದರೂ ಕೋಳಿ ಕಾಲಿನ ಅಕ್ಷರ. ಅವನ್ನೆಲ್ಲ ಓದಿ ಓದಿ ನನಗೆ ಒಂದು ವಿಷಯ ಮಾತ್ರ ಚೆನ್ನಾಗಿ ಗೊತ್ತು. ಬೆಳಕು ಎಲ್ಲಿಂದ ಬರುತ್ತೆ ಅನ್ನೋದರ ಮೇಲೆ ಓದು ನಿಂತಿದೆ.

ಯಜಮಾನರು ಹೋದ ಮೇಲೆ ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ಕನಕಪುರ ರಸ್ತೆಯಲ್ಲಿರುವ ಮಗನ ಫ್ಲಾಟಿಗೆ ಬಂದೆ. ನನ್ನ ಲೆಕ್ಕದಲ್ಲಿ 560010ರಿಂದ 560062ಕ್ಕೆ ರೀಡೈರೆಕ್ಟ್ ಆದೆ. ಹಳೇ ಮನೆ ಚಿಕ್ಕದು, ಆದರೆ ಪ್ರತಿ ಕೋಣೆಗೂ ಬಾಗಿಲಿತ್ತು. ನಡುಮನೆಯ ಕಿಟಕಿಗೆ ಒಂದೂವರೆ ಅಡಿ ಅಗಲದ ರೆಡ್ ಆಕ್ಸೈಡ್ ಕಟ್ಟೆ. ಕಾಲು ಮೇಲೆತ್ತಿ ಕೂತು, ಬೆನ್ನಿಗೆ ದಿಂಬು ಕೊಟ್ಟರೆ ಮುಗೀತು. ಅದನ್ನ ಓದುವ ಮೂಲೆ ಅಂತ ಯಾರೂ ಕರೀತಿರಲಿಲ್ಲ.

ಹೊಸ ಮನೆ ಓಪನ್ ಪ್ಲಾನು. ಹಾಗಂದರೆ ಹಾಲ್, ಊಟದ ಜಾಗ, ಅಡುಗೆಮನೆ ಎಲ್ಲ ಒಂದೇ. ನಡುವೆ ಎದೆಮಟ್ಟದ ಒಂದು ಗ್ರಾನೈಟ್ ಕಟ್ಟೆ ಬಿಟ್ಟರೆ ಗೋಡೆ ಇಲ್ಲ. ಮಗ ಸೊಸೆಗೆ ಅದು ಇಷ್ಟ, ಗಾಳಿ ಬೆಳಕು ಧಾರಾಳ, ಅಡುಗೆ ಮಾಡುವವರು ಒಂಟಿಯಾಗಿ ಬೇಯಬೇಕಿಲ್ಲ. ಅದು ನಿಜ. ಆದರೆ ಇಲ್ಲಿ ಸಾಸಿವೆ ಸಿಡಿದದ್ದು ಟಿವಿ ಮುಂದೆ ಕೂತವನಿಗೂ ಗೊತ್ತು, ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದದ್ದು ಒಗ್ಗರಣೆ ಹಾಕುವವಳಿಗೂ ಗೊತ್ತು. ನೆಲಕ್ಕೆ ನುಣುಪು ಟೈಲ್ಸು, ಸದ್ದು ಒಂದು ಗೋಡೆಗೆ ಬಡಿದು ಇನ್ನೊಂದು ಗೋಡೆಗೆ ಹೋಗುತ್ತೆ.

ಸದ್ದಿಗಿಂತ ದೊಡ್ಡ ಕಷ್ಟ ಇನ್ನೊಂದಿದೆ, ಅದನ್ನ ನಿಮ್ಮ ಪುಟದಲ್ಲಿ ಯಾರೂ ಬರೆದಿಲ್ಲ. ಗೋಡೆ ಇಲ್ಲದ ಮನೆಯಲ್ಲಿ ಪುಸ್ತಕ ಹಿಡಿದು ಕೂತ ಹೆಂಗಸು ಎಲ್ಲರ ಕಣ್ಣಿಗೂ ಬೀಳುತ್ತಾಳೆ. ಕಣ್ಣಿಗೆ ಬಿದ್ದವಳು ಸುಮ್ಮನೆ ಕೂತವಳು ಅಂತಲೇ ಅರ್ಥ. “ಅಮ್ಮ, ಮೂರು ವಿಷಲ್ ಆದ್ರೆ ಕುಕ್ಕರ್ ಆಫ್ ಮಾಡ್ತೀರಾ?” “ಅಜ್ಜಿ, ಡೆಲಿವರಿಯವರು ಬೆಲ್ ಮಾಡಿದ್ರು.” “ಹೇಗೂ ಕೂತಿದೀಯಲ್ಲ, ಆ ಬೀನ್ಸ್ ಸ್ವಲ್ಪ ಬಿಡಿಸಮ್ಮ.” ಒಬ್ಬರದ್ದೂ ತಪ್ಪಲ್ಲ. ಆದರೆ ಒಂದೇ ಪುಟ ನಾಲ್ಕು ಸಲ ಓದಿ, ನಾಲ್ಕನೇ ಸಲಕ್ಕೂ ಪಾತ್ರದ ಹೆಸರು ನೆನಪಿರಲಿಲ್ಲ.

ಹೋದ ವರ್ಷ ನನ್ನ ಹುಟ್ಟುಹಬ್ಬಕ್ಕೆ ಮಗ ಆನ್‌ಲೈನಿನಲ್ಲಿ ಓದುವ ಮೂಲೆಯ ಪೂರಾ ಸೆಟ್ಟೇ ತರಿಸಿದ. ಕಿವಿಯಿರುವ ದೊಡ್ಡ ಸೋಫಾ ಕುರ್ಚಿ, ಮೂರೂವರೆ ಅಡಿ ಉದ್ದದ ಹಲಗೆಗಳ ಪುಸ್ತಕದ ಕಪಾಟು, ಬಾಗಿದ ಕುತ್ತಿಗೆಯ ದೀಪ. ನೋಡೋಕೆ ನಿಮ್ಮ ಫೋಟೋದಂತೆಯೇ ಇತ್ತು. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು. ಕುರ್ಚಿಯಲ್ಲಿ ಬೆನ್ನು ಆನಿಸಿದರೆ ಕಾಲು ನೆಲ ಮುಟ್ಟಲ್ಲ, ಕಾಲು ನೆಲ ಮುಟ್ಟಿದರೆ ಬೆನ್ನಿಗೆ ಆಸರೆ ಇಲ್ಲ. ಅರ್ಧ ಗಂಟೆಗೆ ಮೊಣಕಾಲ ಹಿಂದೆ ಜುಮ್ಮೆನ್ನುತ್ತಿತ್ತು.

ಕಪಾಟು ಆಷಾಢದವರೆಗೆ ತಾಳಿತು. ಅದು ಮರದ್ದಲ್ಲ, ಮರದ ಪುಡಿ ಒತ್ತಿ ಮೇಲೆ ಮರದ ಬಣ್ಣದ ಕಾಗದ ಅಂಟಿಸಿದ್ದು. ಮಳೆಗಾಲದ ಥಂಡಿಗೆ ಅಂಚು ಉಬ್ಬಿತು, ನಡುವೆ ತೊಟ್ಟಿಲ ಹಾಗೆ ಬಾಗಿತು. ಒಂದು ರಾತ್ರಿ ಎರಡು ಗಂಟೆಗೆ ಧಡಾರ್ ಅಂತು. ಎದ್ದು ಬಂದು ನೋಡಿದರೆ ಯಜಮಾನರ ಎಂಟು ಸಂಪುಟದ ನಿಘಂಟು ನೆಲದ ಮೇಲೆ ಮಗುಚಿ ಬಿದ್ದಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ, “ಮೇಡಂ, ಅದು ಶೋಪೀಸ್ ಇಡೋಕೆ, ಭಾರ ಹಾಕಬಾರದು” ಅಂದರು. ಪುಸ್ತಕದ ಕಪಾಟು ಅಂತ ಮಾರಿ ಪುಸ್ತಕ ಇಡಬೇಡಿ ಅನ್ನೋ ವ್ಯಾಪಾರ ನಾನು ಬೇರೆಲ್ಲೂ ಕಂಡಿಲ್ಲ.

ಅವತ್ತು ಹಳೇ ಚಾಳಿ ಬಿಡದೆ, ಅಡುಗೆಮನೆಯ ತಕ್ಕಡಿಯಲ್ಲಿ ಪುಸ್ತಕ ತೂಗಿದೆ. ನನ್ನ ಪುಸ್ತಕಗಳನ್ನ ಒತ್ತಾಗಿ ನಿಲ್ಲಿಸಿದರೆ ಒಂದು ಅಡಿಗೆ ಏಳೂವರೆ ಕಿಲೋ ಬಂತು. ಮೂರೂವರೆ ಅಡಿಗೆ 26 ಕಿಲೋ. ಅಂದರೆ ಹಲಗೆಯೊಂದಕ್ಕೆ ಅಕ್ಕಿ ಮೂಟೆಯಷ್ಟು ಭಾರ. ಆಮೇಲೆ ಕರೆಸಿದ ಬಡಗಿ ಹೇಳಿದ್ದು ಇನ್ನೂ ಸೊಗಸು: “ಅಮ್ಮಾ, ಹಲಗೆ ಉದ್ದ ಡಬಲ್ ಆದ್ರೆ ಬಾಗೋದು ಡಬಲ್ ಆಗಲ್ಲ, ಎಲ್ಲೋ ಹೋಗ್ಬಿಡುತ್ತೆ.” ಪಿಯುಸಿ ಓದುತ್ತಿರುವ ಮೊಮ್ಮಗಳು ಲೆಕ್ಕ ಹಾಕಿ ತೋರಿಸಿದಳು, ಅಡಿಗೆ ಅಷ್ಟೇ ಭಾರ ಇಟ್ಟರೂ ಉದ್ದ ಎರಡರಷ್ಟಾದರೆ ಬಾಗುವುದು ಹದಿನಾರರಷ್ಟಂತೆ. ಹಾಗಾಗಿ ಹೊಸ ಕಪಾಟಿಗೆ 18 ಎಂಎಂ ಪ್ಲೈವುಡ್ಡು, ನೀರು ಥಂಡಿ ತಾಳುವ ಐಎಸ್ 710 ಮುದ್ರೆ ಇದ್ದದ್ದು, ಎರಡೂಕಾಲು ಅಡಿಗೊಂದು ಅಡ್ಡಗೋಡೆ. ಆಳ ಹತ್ತೇ ಇಂಚು. ಅದಕ್ಕಿಂತ ಆಳ ಮಾಡಿದರೆ ಮುಂದೊಂದು ಸಾಲು ಹುಟ್ಟಿಕೊಳ್ಳುತ್ತೆ, ಹಿಂದಿನ ಸಾಲಿನ ಪುಸ್ತಕ ಸತ್ತಂತೆಯೇ. ಖಾನೆಗಳು ನೋಡೋಕೆ ನಮ್ಮ ವಿಂಗಡಣೆ ಗೂಡಿನ ಥರವೇ ಆದವು. ಬಡಗಿಗೆ ನಾನು ಹೇಳಿದ್ದಲ್ಲ, ಭಾರ ಹೇಳಿದ್ದು.

ಎತ್ತರ ನಾಲ್ಕೇ ಅಡಿ. ಅದನ್ನ ಗೋಡೆಗೆ ಒರಗಿಸದೆ, ಹಾಲಿನ ಉತ್ತರದ ಮೂಲೆಯಲ್ಲಿ ಅಡ್ಡಲಾಗಿ ನಿಲ್ಲಿಸಿದ್ದೇವೆ. ಎದ್ದು ನಿಂತರೆ ಅಡುಗೆಮನೆ ಕಾಣುತ್ತೆ, ಕೂತರೆ ಕಾಣಲ್ಲ. ಮುಖ್ಯವಾಗಿ, ಕೂತವಳು ಅಡುಗೆಮನೆಗೆ ಕಾಣಲ್ಲ. ನೆಲಕ್ಕೆ ಎಲ್ ಆಕಾರದ ಕಬ್ಬಿಣದ ಪಟ್ಟಿ ಹಾಕಿ ಬಿಗಿಸಿದ್ದೇವೆ, ಎದುರು ಮನೆಯ ಪಾಪು ಬಂದರೆ ಹತ್ತೋದು ಗ್ಯಾರಂಟಿ. ಪುಸ್ತಕದ ಬೆನ್ನು ನನ್ನ ಕಡೆಗೆ. ಹಾಲಿನ ಕಡೆ ಪ್ಲೈವುಡ್ಡಿನ ಬೆನ್ನು ಬೋಳಾಗಿ ಕಾಣುತ್ತೆ ಅಂತ ಸೊಸೆ ಅವರಮ್ಮ ಹೊಲಿದ ಕೌದಿ ತೂಗುಹಾಕಿದಳು. ಅವರದು ಹುಬ್ಬಳ್ಳಿ ಕಡೆ. ಹಳೇ ಇಳಕಲ್ ಸೀರೆಯ ತುಂಡುಗಳು, ನಾಲ್ಕು ಪದರ. ಚೆಂದಕ್ಕೆ ಹಾಕಿದ್ದು ಮಿಕ್ಸಿ ಸದ್ದನ್ನೂ ಒಂದಿಷ್ಟು ನುಂಗಿತು. ಕಾಲ ಕೆಳಗೆ ನವಲಗುಂದದ ಜಮಖಾನ ಬಂದ ಮೇಲೆ ಇನ್ನಷ್ಟು.

ಉತ್ತರದ ಮೂಲೆಯೇ ಯಾಕೆ ಅಂದರೆ, ನಮ್ಮ ಬಾಲ್ಕನಿ ಪಶ್ಚಿಮಕ್ಕಿದೆ. ಅಲ್ಲಿ ಇಟ್ಟಿದ್ದ ಪುಸ್ತಕಗಳ ಕೆಂಪು ಬೆನ್ನೆಲ್ಲ ಒಂದೇ ಬೇಸಿಗೆಗೆ ಸಪ್ಪೆ ಗುಲಾಬಿಯಾಗಿದ್ದವು. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಆದರೆ ಅಷ್ಟು ಮೇಲಿರುವವನು ಸಜ್ಜಾ ದಾಟಿ ಒಳಗೆ ಬರಲ್ಲ. ಮಿಕ್ಕ ತಿಂಗಳು ಉತ್ತರದ ಕಿಟಕಿಗೆ ಬರೋದು ತಣ್ಣಗಿನ ಬೆಳಕು.

ಇನ್ನು ಕುರ್ಚಿ. ಸೋಫಾ ಕುರ್ಚಿ ಈಗ ಮಗನ ಲ್ಯಾಪ್‌ಟಾಪಿನ ಮುಂದಿದೆ, ಅವನು ಆರಡಿ, ಅವನಿಗೆ ಸರಿ. ನಾನು ರಾಜಾಜಿನಗರದಿಂದ ತಂದು ಯುಟಿಲಿಟಿಯಲ್ಲಿ ಬಟ್ಟೆ ಹರವಿಡೋಕೆ ಬಳಸುತ್ತಿದ್ದ ಮಾವನವರ ತೇಗದ ಕುರ್ಚಿ ಒಳಗೆ ತಂದೆ. ಕೂರುವ ಬೆತ್ತ ಹರಿದು ತೂತಾಗಿತ್ತು. ವಾಜರಹಳ್ಳಿಯಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿಳಿದು ಎರಡು ಸಲ ಅಲೆದ ಮೇಲೆ ಬೆತ್ತ ಹೆಣೆಯುವ ಒಬ್ಬರು ಸಿಕ್ಕರು, ಮನೆಗೇ ಬಂದರು.

ಅವರ ಕೆಲಸ ನೋಡುತ್ತ ಎರಡು ದಿನ ನಾನು ಪುಸ್ತಕ ಮುಟ್ಟಲಿಲ್ಲ. ಮೊದಲು ಹಳೇ ಬೆತ್ತ ಕತ್ತರಿಸಿ ತೆಗೆದು, ಚೌಕಟ್ಟಿನ ಸುತ್ತ ಇರುವ ತೂತುಗಳನ್ನ ಒಂದೊಂದಾಗಿ ಮೊಳೆಯಿಂದ ಚುಚ್ಚಿ ಸ್ವಚ್ಛ ಮಾಡಿದರು. ಎಳೆಗಳನ್ನ ಬಕೆಟ್ ನೀರಲ್ಲಿ ನೆನೆಹಾಕಿದರು. ನೆನೆದ ಬೆತ್ತ ದಾರದ ಹಾಗೆ ಬಾಗುತ್ತೆ, ಒಣಗಿದ ಮೇಲೆ ಬಿಗಿದುಕೊಳ್ಳುತ್ತೆ. ಹಿಂದಿನಿಂದ ಮುಂದಕ್ಕೆ ಒಂದು ಸಲ, ಎಡದಿಂದ ಬಲಕ್ಕೆ ಒಂದು ಸಲ, ಮತ್ತೆ ಅದರ ಮೇಲೇ ಇನ್ನೊಮ್ಮೆ, ಕೊನೆಗೆ ಎರಡೂ ಕಡೆಯಿಂದ ಓರೆಯಾಗಿ. ಓರೆ ಎಳೆ ಹೋಗುವವರೆಗೂ ಅದು ಬರೀ ಜಾಲರಿ, ಓರೆ ಎಳೆ ಬಿದ್ದ ಕೂಡಲೇ ತೂತುಗಳೆಲ್ಲ ಎಂಟು ಮೂಲೆಯ ಹೂವಾದವು. ಪ್ರತಿ ತೂತಿಗೂ ಒಂದು ಪುಟ್ಟ ಬೆಣೆ ಇಟ್ಟು, ಎಳೆ ಎಳೆದು, ಬೆರಳಲ್ಲಿ ಮೀಟಿ ಸದ್ದು ಕೇಳುತ್ತಿದ್ದರು, ತಂಬೂರಿ ಶ್ರುತಿ ಮಾಡುವವರ ಹಾಗೆ. “ಇವತ್ತು ಕೂರಬೇಡಿ, ನಾಳೆ ಕೂರಿ” ಅಂದು ಹೋದರು. 1,600 ರೂಪಾಯಿ ತಗೊಂಡರು, ಚೌಕಾಸಿ ಮಾಡೋಕೆ ನಾಚಿಕೆಯಾಯಿತು. ಬೇಸಿಗೆಯಲ್ಲಿ ಬೆವರದ ಆಸನ ಅಂದರೆ ಅದೇ. ಕಾಲು ನೆಲ ಮುಟ್ಟದ್ದಕ್ಕೆ ಕೆಳಗೆ ಅಡುಗೆಮನೆಯ ಹಳೇ ಮಣೆ ಇಟ್ಟೆ. ತೆಂಗಿನಕಾಯಿ ತುರಿಯೋಕೆ ಈಗ ಯಂತ್ರ ಇದೆಯಲ್ಲ, ಮಣೆಗೆ ಕೆಲಸ ಇರಲಿಲ್ಲ.

ದೀಪದ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆಯೋಕೆ ಕೂತದ್ದೇ ಅದಕ್ಕೆ. ಓಪನ್ ಪ್ಲಾನ್ ಹಾಲುಗಳಲ್ಲಿ ಸೀಲಿಂಗಿನಲ್ಲಿ ಹುದುಗಿಸಿದ ದುಂಡು ದೀಪ ಇರುತ್ತವೆ. ಅವು ತಲೆಯ ಮೇಲಿಂದ ಬೀಳುತ್ತವೆ, ಪುಟದ ಮೇಲೆ ನಮ್ಮದೇ ತಲೆಯ ನೆರಳು. ಜೊತೆಗೆ ದೂರ ಬೇರೆ. ದೀಪ ಎರಡು ಪಟ್ಟು ದೂರ ಹೋದರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಏಳಡಿ ಮೇಲಿನ ಆರು ದೀಪಕ್ಕಿಂತ ಎರಡಡಿ ದೂರದ ಒಂದು ದೀಪ ಮೇಲು. ನನ್ನದು 9 ವಾಟಿನ ಎಲ್‌ಇಡಿ, 3000 ಕೆಲ್ವಿನ್ ಅಂತ ಡಬ್ಬಿ ಮೇಲೆ ಬರೆದಿರುವ ಹಳದಿ ಬೆಳಕು. ಎಡ ಭುಜದ ಹಿಂದೆ, ಕಿವಿಗಿಂತ ಸ್ವಲ್ಪ ಮೇಲೆ. ಎಡಕ್ಕೆ ಯಾಕೆಂದರೆ ನಾನು ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಗೀಟು ಹಾಕುತ್ತೇನೆ. ಬಲ್ಬು ಕಣ್ಣಿಗೆ ಕಾಣಬಾರದು, ಪುಟಕ್ಕೆ ಕಾಣಬೇಕು. ನಲವತ್ತು ದಾಟಿ ಚಾಳೀಸು ಬಂದವರಿಗೆ ಅಕ್ಷರ ಮಸುಕಾಗಿ ಕಂಡರೆ ಕನ್ನಡಕದ ಅಂಗಡಿಗೆ ಓಡುವ ಮುಂಚೆ ದೀಪ ಒಂದಡಿ ಹತ್ತಿರ ತಂದು ನೋಡಿ. ಕಣ್ಣಿನ ಪೊರೆಯೇ ಆಗಿದ್ದರೆ ದೀಪದಿಂದ ಹೋಗಲ್ಲ, ಡಾಕ್ಟರ ಹತ್ತಿರ ಹೋಗಿ. ನಾನು ಹೋಗಿ ಬಂದವಳು.

ಆ ದೀಪಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ಕೆಲಸವೂ ಇದೆ. ಮೊಮ್ಮಗಳು ಮಾಡಿದ ಕಾನೂನು ಅದು: ಅಜ್ಜಿ ದೀಪ ಉರಿಯುತ್ತಿದ್ದರೆ ಅಜ್ಜಿಯನ್ನ ಮಾತಾಡಿಸಬಾರದು. ಮೊದಮೊದಲು ಮಗ ಮರೆಯುತ್ತಿದ್ದ, ಅವಳೇ ಗದರುತ್ತಿದ್ದಳು. ಹಗಲಲ್ಲಿ ಬೆಳಕು ಬೇಕಿಲ್ಲದಿದ್ದರೂ ನಾನು ದೀಪ ಹಾಕುತ್ತೇನೆ. ಕರೆಂಟು ಸುಡುತ್ತೆ ಅಂತ ಯಾರಾದರೂ ಅಂದರೆ ಲೆಕ್ಕ ಇಟ್ಟಿದ್ದೇನೆ, 9 ವಾಟಿನ ಬಲ್ಬು ನೂರು ಗಂಟೆ ಉರಿದರೂ ಒಂದು ಯೂನಿಟ್ ಆಗಲ್ಲ.

ಪುಸ್ತಕದ ಹುಳುವಿನ ಬಗ್ಗೆ ಬರೆದರೆ ಇನ್ನೊಂದು ಪತ್ರವಾದೀತು. ಬಚ್ಚಲ ಗೋಡೆಗೆ ಕಪಾಟು ತಾಗಿಸಬೇಡಿ, ಗ್ರಂಥಿಗೆ ಅಂಗಡಿಯಲ್ಲಿ ಬಜೆ ಬೇರು ಸಿಗುತ್ತೆ, ಬಟ್ಟೆಯಲ್ಲಿ ಕಟ್ಟಿ ಖಾನೆಗೊಂದು ಇಡಿ, ಇಷ್ಟು ಸಾಕು.

ಮೂಲೆ ಮಾಡಿಕೊಳ್ಳೋಕೆ ಜಾಗವೇ ಇಲ್ಲದವರ ಮನೆಗಳೂ ಈ ಊರಲ್ಲಿ ಲಕ್ಷಗಟ್ಟಲೆ ಇವೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ, ಬಡಾವಣೆಯ ಗ್ರಂಥಾಲಯಗಳಲ್ಲೂ ಇದೇ ತಲೆಮೇಲಿನ ದೀಪ, ಇದೇ ನೆರಳು. ಮೇಜಿಗೆ ಹತ್ತಿರವಾಗಿ ಒಂದೊಂದು ಟ್ಯೂಬ್‌ಲೈಟು ಇಳಿಸಿ ಕಟ್ಟೋಕೆ ಎಷ್ಟು ತಂತಿ ಬೇಕು? ಅದನ್ನೂ ಒಂದು ಭಾನುವಾರ ನಿಮ್ಮ ವರದಿಗಾರರು ಹೋಗಿ ನೋಡಲಿ.

ಕೊನೆಗೆ ಒಂದು ಕೋರಿಕೆ. ಮುಂದಿನ ಸಲ ಇಂಥ ಪುಟ ಮಾಡುವಾಗ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಿ ಫೋಟೋ ತೆಗೀರಿ, ಕೈಯಲ್ಲಿ ಪುಸ್ತಕ ತೆರೆದಿರಲಿ, ಬಲ್ಬು ಎಷ್ಟು ವಾಟು, ಕುರ್ಚಿ ಎಷ್ಟು ಇಂಚು ಎತ್ತರ ಅಂತ ಕೆಳಗೆ ಬರೀರಿ. ಕೂರೋಕೆ ಯಾರೂ ಸಿಗದಿದ್ದರೆ ಹೇಳಿ ಕಳಿಸಿ, ಬೆಳಿಗ್ಗೆ ಹತ್ತರ ಮೇಲೆ ನಾನು ಬಿಡುವಾಗಿರುತ್ತೇನೆ. ದೀಪ ಹಾಕಿದ್ದರೆ ಮಾತ್ರ ಸ್ವಲ್ಪ ಕಾಯಬೇಕಾಗುತ್ತೆ.

ಇಂತಿ,
ನಿವೃತ್ತ ಆರ್‌ಎಂಎಸ್ ನೌಕರಳು
ವಾಜರಹಳ್ಳಿ, ಬೆಂಗಳೂರು