‘ಯೂಸ್ಡ್ ಟು’ ಅಂದರೆ ಬರೀ ‘ಅಭ್ಯಾಸ’ ಅಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಇಂಗ್ಲಿಷ್ ಕಲಿಕೆಯ ಅಂಕಣದಲ್ಲಿ ‘ಯೂಸ್ಡ್ ಟು’ಗೆ ‘ಅಭ್ಯಾಸ’ ಎಂದು ಒಂದೇ ಅರ್ಥ ಕೊಟ್ಟಿದ್ದೀರಿ. ಓದಿದ ತಕ್ಷಣ ನನ್ನ ಹಳೆಯ ಸಂದರ್ಶನವೊಂದು ನೆನಪಾಯಿತು. ಅದಕ್ಕೇ ಈ ಪತ್ರ.

ನಾನು ನರ್ಸ್. ರಾತ್ರಿ ಪಾಳಿ ಆಗುತ್ತದಾ ಎಂದು ಕೇಳಿದರು. ರಾತ್ರಿ ಕೆಲಸ ನನಗೆ ಅಭ್ಯಾಸವಾಗಿದೆ ಅನ್ನಬೇಕಿತ್ತು. ಬಾಯಿಂದ ಬಂದದ್ದು, ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’. ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ, ಯಾವಾಗ ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕೇಳಿದರು. ಬಿಟ್ಟೇ ಇರಲಿಲ್ಲ! ಹಿಂದಿನ ರಾತ್ರಿಯ ಪಾಳಿ ಮುಗಿಸಿಕೊಂಡೇ ಅಲ್ಲಿಗೆ ಹೋಗಿದ್ದೆ. ಆ ಕೆಲಸ ಸಿಗಲಿಲ್ಲ. ಬೇರೆ ಕಾರಣವೂ ಇದ್ದಿರಬಹುದು. ಆದರೆ ಆ ಪ್ರಶ್ನೆ ಇನ್ನೂ ಕಿವಿಯಲ್ಲಿದೆ.

‘ಯೂಸ್ಡ್ ಟು ವರ್ಕ್’ ಅಂದರೆ ಮೊದಲು ಮಾಡುತ್ತಿದ್ದೆ, ಈಗ ಇಲ್ಲ ಎಂದು. ನಾನು ಹೇಳಬೇಕಿದ್ದದ್ದು ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’. ಮುಂದೊಂದು ‘ಆ್ಯಮ್’, ಹಿಂದೊಂದು ‘ಇಂಗ್’. ಅಷ್ಟಕ್ಕೇ ಅರ್ಥ ತಲೆಕೆಳಗಾಗುತ್ತದೆ.

ಈ ‘ಇಂಗ್’ ಯಾಕೆ ಅಂತ ನನಗೆ ಯಾರೂ ಹೇಳಿರಲಿಲ್ಲ. ‘ಟು’ ಆದಮೇಲೆ ‘ಗೋ’, ‘ಈಟ್’ ಅಂತಲೇ ಬರಬೇಕು ಎಂದು ಬಾಯಿಪಾಠ ಮಾಡಿದವಳು ನಾನು. ಕಾರಣ ನಮ್ಮ ಕನ್ನಡದಲ್ಲೇ ಸಿಗುತ್ತದೆ. ‘ಒಗ್ಗು’ ಅನ್ನುವ ಪದ ನೋಡಿ. ಚಳಿಗೆ ಒಗ್ಗಿದ್ದೇನೆ, ಗದ್ದಲಕ್ಕೆ ಒಗ್ಗಿದ್ದೇನೆ ಅಂತೀವಿ, ಅಲ್ವಾ? ಆ ‘ಗೆ’, ‘ಕ್ಕೆ’ಯೇ ಇಲ್ಲಿನ ‘ಟು’. ಇನ್ನು ಬೆಳಗ್ಗೆ ಬೇಗ ಏಳುವ ಮಾತು ಬಂದರೆ, ‘ಏಳುವುದಕ್ಕೆ ಒಗ್ಗಿದ್ದೇನೆ’. ‘ಏಳು’ ಇದ್ದದ್ದು ‘ಏಳುವುದು’ ಆದಮೇಲೆಯೇ ‘ಕ್ಕೆ’ ಹತ್ತಿತು. ‘ಗೆಟ್ ಅಪ್’ ಇದ್ದದ್ದು ‘ಗೆಟಿಂಗ್ ಅಪ್’ ಆಗುವುದೂ ಹೀಗೆಯೇ. ಇದು ಹೊಳೆದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಇನ್ನೂ ಒಗ್ಗಿಕೊಳ್ಳುತ್ತಾ ಇದ್ದರೆ ‘ಐ ಆ್ಯಮ್ ಗೆಟಿಂಗ್ ಯೂಸ್ಡ್ ಟು ಇಟ್’.

ಹಳೆಯ ರೂಢಿ ಹೇಳುವ ‘ಯೂಸ್ಡ್ ಟು’ಗಂತೂ ‘ಅಭ್ಯಾಸ’ ಅನ್ನುವ ಪದವೇ ಬೇಡ. ‘ದಿನಾ ನಡೆದು ಹೋಗುತ್ತಿದ್ದೆ’ ಅಂದರೆ ಸಾಕು. ಆದರೆ ‘ಹೋಗುತ್ತಿದ್ದೆ, ಅಷ್ಟರಲ್ಲಿ ಮಳೆ ಬಂತು’ ಅನ್ನುವಾಗ ಅದು ‘ವಾಸ್ ಗೋಯಿಂಗ್’. ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ ಇರುವುದರಿಂದ ಇಲ್ಲೂ ಜಾಸ್ತಿ ಜನ ತಪ್ಪುತ್ತಾರೆ.

ಕಿವಿಯನ್ನು ನಂಬುವ ಹಾಗೂ ಇಲ್ಲ. ರೂಢಿಯ ಮಾತಿಗೂ ಒಗ್ಗಿದ ಮಾತಿಗೂ ಉಚ್ಚಾರ ಒಂದೇ, ‘ಯೂಸ್ಟು’ ಅಂತ. ‘ಡ್’ ಕೇಳಿಸುವುದೇ ಇಲ್ಲ.

ಅಂಕಣ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ‘ಅಭ್ಯಾಸ’ ಬಿಟ್ಟು, ‘ಮಾಡುತ್ತಿದ್ದೆ’ ಒಂದು ಕಡೆ, ‘ಒಗ್ಗಿದ್ದೇನೆ’ ಇನ್ನೊಂದು ಕಡೆ ಇಟ್ಟು ವಿವರಿಸಿ. ನಾಳೆ ಸಂದರ್ಶನಕ್ಕೆ ಹೊರಟವರೂ ಆ ಅಂಕಣ ಓದುತ್ತಿರುತ್ತಾರೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು